ನಲವತ್ತೇಳನೇ ಖಾನೆ

ರೊಡೆಲ್ ಊರಿಗೆ ಹೋಗುವ ಮುನ್ನ
ನಲವತ್ತೈದು ದಿನಾರಿಗೆ ಕೊಟ್ಟುಹೋದ ಪೆಟ್ಟಿಗೆ ಇದು,
ಹೂರಾದ ಹೋಟೆಲು ಬ್ಯಾಂಡಿನ ಕರಾರು ಮುರಿದ ವಾರ.
ಅಡಾಪ್ಟರಿಗೆ ಇನ್ಸುಲೇಶನ್ ಟೇಪು. ಮೂರನೇ ಪೆಡಲು
ಒತ್ತಿದರೆ ಒಮ್ಮೊಮ್ಮೆ ಮಾತ್ರ ಮಾತು ಕೇಳುತ್ತದೆ,
ನಮ್ಮ ಫೋರ್‌ಮನ್ನಿನ ಹಾಗೆ.

ಗುದೈಬಿಯಾದ ಕೋಣೆಯಲ್ಲಿ
ಹತ್ತಕ್ಕೆ ದೀಪ ಆರಬೇಕು.
ಮೇಲಿನ ಮಂಚದಲ್ಲಿ ಬೆನ್ನು ಬಗ್ಗಿಸಿ ಕೂತು
ಹೆಡ್‌ಫೋನ್ ಏರಿಸುತ್ತೇನೆ:
ನನ್ನ ಕಿವಿಯೊಳಗೆ ನೂರು ವಾಟ್, ಗುಡುಗು, ತುಂಬಿದ ಮೈದಾನ;
ಕೆಳಗಿನ ಮೊಯ್ದಿನಬ್ಬನಿಗೆ ಕೇಳುವುದು
ಬರೀ ತಂತಿ. ಇಲಿ
ಅಕ್ಕಿಚೀಲ ಕೆರೆದ ಹಾಗಂತೆ.
"ಇಷ್ಟು ಕಾಸು ಕೊಟ್ಟು ಇಲಿ ಸಾಕಿದ್ದಲ್ಲ ಮಾರಾಯ" ಅಂತಾನೆ,
ಮಗ್ಗುಲಾಗುತ್ತಾನೆ.

ಹಗಲೆಲ್ಲ ನನ್ನದು ಚಿಲ್ಲರ್ ಕೆಲಸ.
ಕಟ್ಟಡದ ಬಿಸಿಯನ್ನು ಹಿಂಡಿ ತೆಗೆದು
ಹೊರಗಿನ ಬಿಸಿಗೆ ಎಸೆಯುವುದು.
ಆಗಸ್ಟಿನಲ್ಲಿ ಟೆರೇಸಿನ ಮೇಲೆ ಸ್ಪ್ಯಾನರು ಹಿಡಿದರೆ
ಅಂಗೈಯಲ್ಲಿ ಅದರ ನಂಬರು ಅಚ್ಚಾಗುತ್ತದೆ.
ಅಂಥವನು ರಾತ್ರಿ ಕೂತು
ಈ ಪೆಟ್ಟಿಗೆಯಲ್ಲಿ ಹುಡುಕುವುದು ಏನನ್ನು? ಬಿಸಿಯನ್ನೇ.
ಗಾಜಿನ ವಾಲ್ವು ಕೆಂಪಗೆ ಕಾದು
ಸ್ವರದ ಅಂಚು ತುಸು ಸೀದಾಗ ಏಳುವ
ಆ ಘಾಟು.
ವಾಲ್ವಿಲ್ಲ ಇದರಲ್ಲಿ. ಲೆಕ್ಕ ಇದೆ:
ಕಾದಿದ್ದರೆ ಅದು ಹೇಗೆ ನಡೆದುಕೊಳ್ಳುತ್ತಿತ್ತು ಎಂಬ ಲೆಕ್ಕ.
ಮುಟ್ಟಿ ನೋಡಿದೆ, ತಣ್ಣಗಿತ್ತು.
ಸುಳ್ಳು ಅಂತ ಅನ್ನಿಸಲಿಲ್ಲ ಯಾಕೋ.

ರೊಡೆಲ್ ಕೂರಿಸಿದ್ದನ್ನು ಒಂದೊಂದಾಗಿ ಅಳಿಸಿದೆ.
ಮದುವೆ ರಾತ್ರಿಗಳ ಮಿನುಗು ಕೋರಸ್ ಹೋಯಿತು,
ಕುಡಿದವರಿಗೆಂದು ಇಟ್ಟಿದ್ದ ಗೊಗ್ಗರು ದನಿ ಹೋಯಿತು.
ನಲವತ್ತೇಳಕ್ಕೆ ಬಂದು ಕೈ ನಿಂತಿತು.
ಹೆಸರು: ಬಿ ಟೂ.
ಆಂಪಿಲ್ಲ, ಡಿಲೇ ಇಲ್ಲ, ಬರಿಯ ಒಂದು ಜಾಗ.
ತಂತಿ ಮೀಟಿದರೆ
ಮೊದಲು ಎಡಗಡೆ, ಹತ್ತಿರದಲ್ಲೇ, ಏನೋ ಗಟ್ಟಿ;
ಆಮೇಲೆ ಬಲಕ್ಕೆ, ಉದ್ದಕ್ಕೆ,
ತಗ್ಗು ಚಾವಣಿಯಡಿ ಬಗ್ಗಿ ನಡೆದ ಹಾಗೆ ಹೋಗಿ
ಕೊನೆಯಲ್ಲೊಂದು ಸಣ್ಣ ನಡುಕ, ತಗಡಿನದ್ದು.
ಇಗರ್ಜಿಯಲ್ಲ. ಬಚ್ಚಲೂ ಅಲ್ಲ.
ಎರಡು ವರ್ಷ ಅದರೊಳಗೇ ನುಡಿಸಿದೆ,
ವಿಳಾಸ ಗೊತ್ತಿಲ್ಲದ ಮನೆಯಲ್ಲಿ ಬಾಡಿಗೆಗೆ ಇದ್ದ ಹಾಗೆ.

ಹೋದ ಮಂಗಳವಾರ
ಅದೇ ಹೋಟೆಲಿನಿಂದ ದೂರು: ಪಂಪು ಸೋರುತ್ತಿದೆ.
ಸರ್ವಿಸ್ ಲಿಫ್ಟು. ನೆಲದಡಿಯ ಎರಡನೇ ಅಂತಸ್ತು.
ಧೂಳು ಹೊದ್ದ ಎರಡೋ ಮೂರೋ ಕಾರು.
ಬ್ಯಾಗು ಇಳಿಸಿದೆ. ಕೆಮ್ಮು ಬಂತು.

ಎಡಗಡೆ ಕಂಬ.
ಬಲಕ್ಕೆ, ಉದ್ದಕ್ಕೆ, ಬಗ್ಗಿ ಬಗ್ಗಿ
ಹೋಯಿತು ನನ್ನ ಕೆಮ್ಮು, ಹೋಗಿ
ಡಕ್ಟಿನ ತಗಡು ಮುಟ್ಟಿ
ನಡುಗಿತು.

ಸ್ಪ್ಯಾನರಿನಿಂದ ಪೈಪಿಗೆ ಬಡಿದೆ. ಮತ್ತೆ ಬಡಿದೆ.
"ಸೋರೋದು ಆ ಕಡೆ ಸಾರ್" ಅಂದ ಹೆಲ್ಪರ್ ಬಿಷ್ಣು.

ಕಂಬದ ಹಿಂದೆ ಆರು ಪ್ಲಾಸ್ಟಿಕ್ ಕುರ್ಚಿ, ಒಂದರೊಳಗೊಂದು.
ಗೋಡೆಯ ಪ್ಲಗ್ಗಿನ ಮೇಲೆ
ಅನ್ನದ ಕುಕ್ಕರಿನ ಆವಿ ಬರೆದ ಹಳದಿ ಕಲೆ.
ಎರಡು ಸೆಟ್ಟಿನ ನಡುವೆ ಬ್ಯಾಂಡಿನವರು
ಲಾಬಿಯಲ್ಲಿ ಕೂರುವಂತಿರಲಿಲ್ಲ.

ರಾತ್ರಿ ವಾಯ್ಸ್ ಕಳಿಸಿದೆ.
ಇಲೋಯ್ಲೊದಿಂದ ರೊಡೆಲ್ ನಕ್ಕ, ಹಿಂದೆ ಬೆಳಗಿನ ಜಾವದ ಕೋಳಿ.
ಡ್ರಮ್ಮರ್ ಜುನ್‌ಜುನ್‌ನ ಹುಟ್ಟುಹಬ್ಬದ ಬಲೂನು,
ಫೋನು ತೆರೆದಿಟ್ಟು ಸೂಜಿ ಚುಚ್ಚಿದ್ದಂತೆ;
ಒಂದೇ ಠಪ್ಪಿಗೆ ಗೋಡೆಗಳೆಲ್ಲ
ತಮ್ಮ ತಮ್ಮ ದೂರ ಒಪ್ಪಿಸಿಬಿಡುತ್ತವಂತೆ.
ಗುಂಡು ಅಂದುಕೊಂಡು ವಾಚ್‌ಮನ್ ಓಡಿ ಬಂದ,
ಕೇಕು ತಿಂದು ಹೋದ.
"ಅಳಿಸಿಲ್ಲವಾ ಅದನ್ನ?" ಎಂದು ಕೇಳಿ
ಸ್ವಲ್ಪ ಹೊತ್ತು ಬರೀ ಕೋಳಿ.

ಹೆಡ್‌ಫೋನ್ ಕಳಚಿ ಕೆಳಗಿನ ಮಂಚಕ್ಕೆ ಇಳಿಬಿಟ್ಟೆ.
ನುಡಿಸಿದೆ. ನನಗೆ ಕೇಳಿದ್ದು ಬರೀ ತಂತಿ,
ಅಕ್ಕಿಚೀಲ, ಉಗುರು.
ಮೊಯ್ದಿನಬ್ಬ ಬಹಳ ಹೊತ್ತು ಮಾತಾಡಲಿಲ್ಲ.
"ಇಲಿ ಇಷ್ಟು ದೊಡ್ಡ ಜಾಗದಲ್ಲಿ ಇತ್ತಾ ಮಾರಾಯ" ಅಂದ.
ಹೆಡ್‌ಫೋನ್ ವಾಪಸು ಕೊಡಲಿಲ್ಲ.